ಹಿಂದಿನ ತಾರೀಖಿನ ಹೆಬ್ಬೆಟ್ಟು

ಕೇಳುವುದಾದರೆ ನಡುವೆ ಎದ್ದು ಹೋಗಬಾರದು. ಕಟ್ಟಿದ್ದು ಅಂತಲೂ ಅನ್ನಬಾರದು. ಇದು ನನ್ನ ಸೋದರಮಾವನ ಮಗ ಸಂಜೀವಕುಮಾರನಿಗೆ ಆದದ್ದು, ಮುದ್ದೇಬಿಹಾಳದಲ್ಲಿ, ಎರಡು ಸಾವಿರದ ಒಂದನೇ ಇಸವಿಯಲ್ಲಿ. ಅವನು ಗಟ್ಟಿಮುಟ್ಟಾಗಿ ಇದ್ದಾನೆ. ನಂಬಿಕೆ ಬರದಿದ್ದರೆ ನಾಳೆ ಬಸ್ಸು ಹತ್ತಿ ಹೋಗಿ ಅವನನ್ನೇ ಕೇಳಿರಿ.

ಆ ಸೋಮವಾರ ರಾತ್ರಿ ಹನ್ನೊಂದೂವರೆ ದಾಟಿತ್ತು. ಸಂಜೀವ ಅಂಗಡಿಯ ಶಟರ್ ಎಳೆದು, ಬೀಗ ಹಾಕಿ ಮನೆಯ ಹಾದಿ ಹಿಡಿದ. ಮಾರ್ಕೆಟ್ ಯಾರ್ಡಿನ ಹಿಂದೆ ಒಂದು ಹಳೆಯ ಬಾವಿ ಇತ್ತು. ಅದನ್ನು ದಾಟಿಯೇ ಹೋಗಬೇಕು. ಮೂರು ದಿನದ ಹಿಂದೆ ಅದರಲ್ಲಿ ಚನ್ನವ್ವ ಅನ್ನುವ ಹೆಂಗಸು ಬಿದ್ದು ಸತ್ತಿದ್ದಳು. ಪೊಲೀಸರು ಹಗ್ಗ ಬಿಚ್ಚಿಕೊಂಡು ಹೋಗಿದ್ದರು. ಉಳಿದಿದ್ದು ತುಕ್ಕು ಹಿಡಿದ ರಾಟೆ ಮಾತ್ರ.

ಕಿರ್ರ್... ಕಿರ್ರ್...

ಸಂಜೀವ ನಿಂತ. ಗಾಳಿ ಇರಲಿಲ್ಲ. ಪಕ್ಕದ ಬೇವಿನ ಮರದ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ರಾಟೆ ಮಾತ್ರ ತಿರುಗುತ್ತಿತ್ತು... ತುಂಬಿದ ಕೊಡ ಸೇದುವಾಗ ತಿರುಗುತ್ತದಲ್ಲ, ಹಾಗೆ. ಒಂದು ಎಳೆತ, ಒಂದು ಉಸಿರು. ಇನ್ನೊಂದು ಎಳೆತ. ಆಮೇಲೆ ಕಲ್ಲಿನ ಮೇಲೆ ನೀರು. ತಟ್... ತಟ್... ತಟ್...

"ತಮ್ಮಾ..."

ಅಷ್ಟೇ. ಜೋರಾಗಿ ಅಲ್ಲ. ಕಿವಿಯ ಹತ್ತಿರ ಬಂದು ಗುಟ್ಟು ಹೇಳುವ ಹಾಗೆ.

ಅವನು ಓಡಿದ. ಮನೆಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ ಮುಚ್ಚಿಟ್ಟಿದ್ದರು. ರೊಟ್ಟಿ ಮುರಿಯಲು ಬಲಗೈ ಎತ್ತಿದ್ದೇ ತಡ, ಕೈಯಿಂದ ಬಂದ ವಾಸನೆಗೆ ಅಂಗಳಕ್ಕೆ ಹೋಗಿ ಕಕ್ಕಿಕೊಂಡ. ಅಂಗಡಿಯಲ್ಲೇ ಮೂರು ಸಲ ಬಟ್ಟೆ ಸೋಪಿನ ಪುಡಿ ಹಾಕಿ ಆ ಕೈ ತಿಕ್ಕಿ ತೊಳೆದಿದ್ದ. ಆದರೂ ವಾಸನೆ ಹೋಗಿರಲಿಲ್ಲ.

ಅವನು ಏನು ಮಾಡಿ ಬಂದಿದ್ದ ಅಂತ ಈಗ ಹೇಳಬೇಕು. ಹೇಳಲಿಕ್ಕೆ ನನಗೇ ಹೇಸಿಗೆ. ಆದರೂ ಹೇಳುತ್ತೇನೆ.

ಸಂಜೀವನದು ಎಸ್‌ಟಿಡಿ, ಝೆರಾಕ್ಸ್, ಟೈಪಿಂಗಿನ ಅಂಗಡಿ. ಬೋರ್ಡಿನ ಮೇಲೆ ಫ್ಯಾಕ್ಸ್ ಅಂತ ದೊಡ್ಡದಾಗಿ ಬರೆಸಿದ್ದ. ಆದರೆ ಒಳಗೆ ಫ್ಯಾಕ್ಸ್ ಮಷೀನು ಇರಲಿಲ್ಲ. ಒಂದು ಕಂಪ್ಯೂಟರ್ ಇತ್ತು. ಅದರ ಮಗ್ಗುಲಿಗೆ ಕೆಂಪು ದೀಪ ಮಿಣುಕುವ ಮೋಡೆಮ್ ಅನ್ನುವ ಕರಿಯ ಡಬ್ಬಿ. ಆ ಡಬ್ಬಿಗೆ ಫೋನಿನ ತಂತಿ ಚುಚ್ಚಿದ್ದ. ಕಾಗದದಲ್ಲಿ ಇದ್ದದ್ದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿ, ಸಹಿಯನ್ನು ಸ್ಕ್ಯಾನರಿನಿಂದ ತೆಗೆದು ಕೆಳಗೆ ಅಂಟಿಸಿ, ಗುಂಡಿ ಒತ್ತುತ್ತಿದ್ದ. ಡಬ್ಬಿ ಗುಂಯ್ ಅನ್ನುತ್ತಿತ್ತು. ಟಿಂಟೂಂಟಿಂ ಅಂತ ನಂಬರು ಒತ್ತಿಕೊಳ್ಳುತ್ತಿತ್ತು. ಆ ಕಡೆ ಎತ್ತಿದ ಕೂಡಲೇ ಕೀಂ... ಖರ್ರ್... ಝರ್ರ್... ಅಷ್ಟರಲ್ಲಿ ಯಾವುದೋ ಊರಿನ ಕಚೇರಿಯ ಮಷೀನಿನಿಂದ ಹಾಳೆ ಹೊರಗೆ ಬಂದಿರುತ್ತಿತ್ತು. ಇಲ್ಲಿ ಹಾಳೆಯೇ ಇಲ್ಲ. ಕಳಿಸಲು ಬಂದವರು ಟಿವಿಯಂಥ ಆ ಪೆಟ್ಟಿಗೆಯ ಹಿಂದೆ ಬಗ್ಗಿ, ನಮ್ಮ ಕಾಗದ ಎಲ್ಲಿಂದ ಹೋಯಿತು ಅಂತ ಹುಡುಕುತ್ತಿದ್ದರು. ರಾತ್ರಿ ಹನ್ನೊಂದರ ಮೇಲೆ ಎಸ್‌ಟಿಡಿ ದರ ಇಳಿಯುತ್ತಿದ್ದುದರಿಂದ ಹಗಲಿನ ಫ್ಯಾಕ್ಸನ್ನೆಲ್ಲ ಕೂಡಿಟ್ಟು ಆಮೇಲೆಯೇ ಕಳಿಸುತ್ತಿದ್ದ.

ಅವನದೊಂದು ಪದ್ಧತಿ ಇತ್ತು. ಪದೇ ಪದೇ ಬರುವ ಗಿರಾಕಿಗಳ ಸಹಿಯನ್ನು ಒಮ್ಮೆ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಓದು ಬರದವರದು ಹೆಬ್ಬೆಟ್ಟು. ಊರ ಮಂದಿಯ ಅರವತ್ತೆಪ್ಪತ್ತು ಹೆಬ್ಬೆಟ್ಟು ಅದರೊಳಗೆ ಸಾಲಾಗಿ ಕೂತಿದ್ದವು. ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ. ಪ್ರತಿ ಸಲ ಬರುವ ತ್ರಾಸು ತಪ್ಪಿತಲ್ಲ ಅಂತ ಖುಷಿಯೇ.

ಚನ್ನವ್ವ ಒಬ್ಬಳೇ ಕೊಟ್ಟಿರಲಿಲ್ಲ.

"ನನ್ನ ಹೆಬ್ಬೆಟ್ಟು ನನ್ನ ಕೈಯಾಗ ಇರ್ಲಿ, ತಮ್ಮಾ" ಅಂದಿದ್ದಳು.

ಅವಳ ಊರು ಆಣೆಕಟ್ಟಿನ ಹಿನ್ನೀರಿಗೆ ಹೋಗಿತ್ತು. ಗಂಡ ಇರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಭಾಗ್ಯಜ್ಯೋತಿಯನ್ನು ಕಟ್ಟಿಕೊಂಡು, ಬಾವಿಯ ಹತ್ತಿರ ಒಂದು ಬಾಡಿಗೆ ಖೋಲಿಯಲ್ಲಿದ್ದಳು. ನಿಡಗುಂದಿಯ ಹತ್ತಿರದ ಹೊಸ ಊರಿನಲ್ಲಿ ಅವಳ ಹೆಸರಿಗೆ ಒಂದು ಪ್ಲಾಟು ಬರಬೇಕಿತ್ತು. ಶುಕ್ರವಾರಕ್ಕೊಮ್ಮೆ ಸಂಜೀವನ ಅಂಗಡಿಯಿಂದ ಪುನರ್ವಸತಿ ಕಚೇರಿಗೆ ಫೋನ್ ಮಾಡಿದರೆ ಪ್ಲಾಟು ಸಿಕ್ಕವರ ಪಟ್ಟಿಯ ಸುದ್ದಿ ಹೇಳುತ್ತಿದ್ದರು. ಅವಳಿಗೆ ಕ್ಯಾಲೆಂಡರ್ ಓದಲು ಬಾರದು. ದಿನಾ ಬಂದು, ಕಾಲಿನ ಕೆಸರು ಒಳಗಾದೀತು ಅಂತ ಹೊಸ್ತಿಲ ಹೊರಗೇ ನಿಂತು ಕೇಳುವಳು:

"ತಮ್ಮಾ... ಇವತ್ತ ಯಾವ ವಾರ?"

ಶುಕ್ರವಾರ ಅಂದರೆ ಮಾತ್ರ ಅವಳ ಮುಖ ಅರಳುತ್ತಿತ್ತು.

ಹಿಂದಿನ ಶುಕ್ರವಾರ ಕಚೇರಿಯವರು, ಬರುವ ವಾರ ಪಟ್ಟಿ ಹೊರಬೀಳುತ್ತದೆ ಅಂದಿದ್ದರು. ಅದೇ ರಾತ್ರಿ ಅವಳು ನೀರಿಗೆ ಹೋದಳು. ನಳಕ್ಕೆ ನೀರು ಬಂದಿರಲಿಲ್ಲ, ಹಗಲಿಗೆ ಬಾವಿಯ ಕಟ್ಟೆ ತುಂಬ ಕೊಡಗಳ ಪಾಳಿ, ಅದಕ್ಕೇ ಮಂದಿ ಮಲಗಿದ ಮೇಲೆ ಹೋದದ್ದು. ಪಾಚಿಗಟ್ಟಿದ ಕಲ್ಲು. ಯಾರೂ ದೂಡಲಿಲ್ಲ, ಜಾರಿದಳು. ಹೆಣ ತೇಲಿದ್ದು ಭಾನುವಾರ ಮುಂಜಾನೆ. ಅವತ್ತೇ ಸಂಜೆ ಮಣ್ಣು ಮಾಡಿದರು.

ಇನ್ನು ಖಂಡೆಪ್ಪ. ಚನ್ನವ್ವನ ಗಂಡನ ಅಣ್ಣನ ಮಗ. ಸಂಜೀವನ ಅಂಗಡಿಯ ಜಾಗ ಇವನದೇ. ಸೋಮವಾರ ರಾತ್ರಿ ಹತ್ತಕ್ಕೆ ಬಂದವನು, ತಾನೇ ಶಟರನ್ನು ಅರ್ಧ ಇಳಿಸಿ, ಅಂಗಿಯ ಒಳಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಬಿಳಿ ಹಾಳೆ ತೆಗೆದ. ಹಾಳೆಯ ಕೆಳಗೆ ಒಂದು ಹೆಬ್ಬೆಟ್ಟು. ಮಸಿ ಕದಡಿತ್ತು.

"ಯಾರದ ಇದು?" ಸಂಜೀವ ಕೇಳಿದ.

"ನಮ್ಮ ಕಾಕಿದು."

"ಯಾವಾಗ ಒತ್ತಿದ್ಲು?"

ಖಂಡೆಪ್ಪ ಬಾಯಲ್ಲಿದ್ದ ಗುಟಕಾ ಒಂದು ಮಗ್ಗುಲಿಂದ ಇನ್ನೊಂದು ಮಗ್ಗುಲಿಗೆ ತಳ್ಳಿದ. ಸಂಜೀವ ಹಾಳೆಯನ್ನು ಬೆಳಕಿಗೆ ಹಿಡಿದ. ಮಸಿಯ ನಡುವೆ ಏನೋ ಅಂಟಿತ್ತು. ಉಗುರಿನಷ್ಟು ಅಗಲ, ಬೆಳ್ಳಗೆ, ತೆಳ್ಳಗೆ. ನೀರಲ್ಲಿ ನೆನೆದ ಉಳ್ಳಾಗಡ್ಡಿಯ ಸಿಪ್ಪೆ ಅಂದುಕೊಂಡ ಮೊದಲು... ಆಮೇಲೆ ಗೊತ್ತಾಯಿತು. ಸಿಪ್ಪೆಯೇ. ಆದರೆ ಉಳ್ಳಾಗಡ್ಡಿಯದಲ್ಲ.

ಥೂ! ಹೆಂಗಸರು ಹೊರಗೆ ಹೆಣಕ್ಕೆ ನೀರು ಕಾಯಿಸುತ್ತಿದ್ದಾಗ, ಇವನು ಒಳಗೆ ಕೂತು, ಎರಡು ರಾತ್ರಿ ನೀರಲ್ಲಿ ಕೊಳೆತ ಕೈಯನ್ನು ಮಸಿಯಲ್ಲಿ ಅದ್ದಿ ಒತ್ತಿಸಿಕೊಂಡಿದ್ದ. ಚರ್ಮ ಸುಲಿದು ಬಂದರೂ ಬಿಟ್ಟಿರಲಿಲ್ಲ. ಮನುಷ್ಯ ಅನ್ನಬೇಕೇ ಇವನಿಗೆ?

"ಪ್ಲಾಟು ನನ್ನ ಹೆಸರಿಗೆ ಮಾಡಾಕ ಕಾಕಿ ಒಪ್ಯಾಳ ಅಂತ ಬರಿ. ಹೆಬ್ಬೆಟ್ಟು ಚಂದ ಮಾಡಿ ಹಚ್ಚು. ಬ್ಯಾರೆ ಕಡೆ ಫ್ಯಾಕ್ಸ್ ಮಷೀನಿನಾಗ ಹಾಕಿದ್ರ ಕಾಗದ ನೋಡಿ ಮಂದಿ ಕೇಳ್ತಾರ, ಇವತ್ತಿನ ತಾರೀಖು ಬೀಳತೈತಿ. ನಿಂದು ಕಾಗದ ಇಲ್ಲದ ಹೋಗತೈತಂತಲ್ಲ?" ಖಂಡೆಪ್ಪ ದನಿ ಇಳಿಸಿದ. "ತಾರೀಖು ಹಿಂದಕ್ಕ ಸರಸಾಕ ಬರ್ತೈತಂತಲ್ಲ?"

ಬರುತ್ತದೆ. ಫ್ಯಾಕ್ಸ್ ಹಾಳೆಯ ನೆತ್ತಿಯ ಮೇಲೆ ಸಣ್ಣ ಅಕ್ಷರದಲ್ಲಿ ಕಳಿಸಿದವರ ತಾರೀಖು, ಹೊತ್ತು ಅಚ್ಚಾಗುತ್ತದೆ. ಸಂಜೀವನ ಕಂಪ್ಯೂಟರ್ ತನ್ನ ಗಡಿಯಾರ ಏನು ಹೇಳುತ್ತದೋ ಅದನ್ನೇ ಬರೆಯುತ್ತದೆ. ಗಡಿಯಾರ ತಿರುಗಿಸುವುದು ಅರ್ಧ ನಿಮಿಷದ ಕೆಲಸ.

"ಇದು ಆಗಂಗಿಲ್ಲ, ಅಣ್ಣಾ."

"ಆಗಂಗಿಲ್ಲಂದ್ರ ಮುಂಜಾನೆ ಈ ಬಾಗಲಕ್ಕ ನನ್ನ ಕೀಲಿ ಬೀಳತೈತಿ."

ಅಂಗಡಿ ಹೋದರೆ ಸಂಜೀವನ ಕಥೆ ಮುಗಿಯಿತು. ಅವನು ಒಪ್ಪಿದ. ನನ್ನ ಮಾವನ ಮಗ ಅಂತ ಮುಚ್ಚಿಡುವುದಿಲ್ಲ, ಒಪ್ಪಿದ. ಆ ಹಾಳೆಯನ್ನು ಸ್ಕ್ಯಾನರಿನ ಗಾಜಿನ ಮೇಲೆ ಬೋರಲು ಹಾಕಿದ. ಎತ್ತುವಾಗ ಪಚಕ್ ಅಂತು. ಸಿಪ್ಪೆ ಗಾಜಿಗೇ ಅಂಟಿ ಉಳಿಯಿತು. ಅದನ್ನು ಉಗುರಿನಿಂದ ಕೆರೆದು ತೆಗೆದ. ಆಮೇಲೆ ಒಂದು ತಾಸು ಕೂತು, ಪರದೆಯ ಮೇಲೆ ಅಂಗೈಯಷ್ಟು ದೊಡ್ಡದು ಮಾಡಿಕೊಂಡು, ಕದಡಿದ ಗೆರೆಗಳನ್ನು ಚುಕ್ಕೆ ಚುಕ್ಕೆಯಾಗಿ ತಿದ್ದಿದ. ಹೆಬ್ಬೆಟ್ಟಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ ಇತ್ತು.

"ಅದನ್ನ ಅಳಸಬ್ಯಾಡ" ಅಂದ ಖಂಡೆಪ್ಪ. "ಜೋಳ ಕೊಯ್ಯುವಾಗ ಕುಡಗೋಲು ಬಡದದ್ದು. ಹಳೇ ಕಾಗದದಾಗೂ ಐತಿ."

ಆಮೇಲೆ ಸಂಜೀವ ಕಂಪ್ಯೂಟರಿನ ಗಡಿಯಾರವನ್ನು ಐದು ದಿನ ಹಿಂದಕ್ಕೆ ತಿರುಗಿಸಿದ. ಸೋಮವಾರ ಹೋಗಿ ಹಿಂದಿನ ಬುಧವಾರವಾಯಿತು. ಚನ್ನವ್ವ ಬದುಕಿದ್ದ ಬುಧವಾರ. ಗುಂಡಿ ಒತ್ತಿದ. ಗುಂಯ್... ಟಿಂಟೂಂ... ಕೀಂ... ಖರ್ರ್... ಹೋಯಿತು. ಖಂಡೆಪ್ಪ ಶಟರಿನ ಕೆಳಗೆ ಪಿಚಕ್ಕನೆ ಉಗುಳಿ, ನಕ್ಕು ಹೋದ. ಸಂಜೀವ ಗಡಿಯಾರ ಸರಿಮಾಡಿ, ಕೈ ತೊಳೆದು ಹೊರಟ. ಆಗಲೇ ಆ ರಾಟೆಯ ಸದ್ದು ಕೇಳಿದ್ದು.

ಮಂಗಳವಾರ ಮುಂಜಾನೆ ಬಂದು ಕಂಪ್ಯೂಟರ್ ಹಚ್ಚಿದರೆ, ಅದರಲ್ಲಿ ಗುರುವಾರ.

ಸರಿಮಾಡಿದ. ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಗುರುವಾರ. ಒಳಗಿನ ಬ್ಯಾಟರಿ ಸತ್ತಿರಬೇಕು ಅಂದುಕೊಂಡು ಹೊಸದು ತಂದು ಹಾಕಿದ. ಆದರೂ ಗುರುವಾರ. ಆ ಪೆಟ್ಟಿಗೆಯೊಳಗೆ ದಿನ ತನ್ನ ಪಾಡಿಗೆ, ಐದು ದಿನ ಹಿಂದೆ, ನಡೆಯುತ್ತಿತ್ತು. ಹೊರಗೆ ಅವಳು ಮಣ್ಣಾಗಿದ್ದಳು. ಒಳಗೆ ಇನ್ನೂ ಸತ್ತಿರಲಿಲ್ಲ.

ಬಂದ ಗಿರಾಕಿಗಳೆಲ್ಲ ಮೂಗು ಮುಚ್ಚಿಕೊಂಡರು. "ಅಂಗಡ್ಯಾಗ ಇಲಿ ಸತ್ತೈತೇನ್ರಿ?" ಸಂಜೀವ ಮೇಜು ಸರಿಸಿದ, ಮೂಲೆ ಮೂಲೆ ಕಸ ಹೊಡೆದ. ಇಲಿ ಇರಲಿಲ್ಲ. ಕೊನೆಗೆ ಸ್ಕ್ಯಾನರಿನ ಮುಚ್ಚಳ ಎತ್ತಿದ. ಗಾಜಿನ ಮೇಲೆ ಹಬೆಯಂಥ ಒಂದು ಹೆಬ್ಬೆಟ್ಟಿನ ಗುರುತು, ನಡುವೆ ಓರೆ ಗೆರೆ. ಬಟ್ಟೆಯಿಂದ ಒರೆಸಿದ. ಹೋಗಲಿಲ್ಲ. ಉಗುರಿನಿಂದ ಕೆರೆದ. ಗುರುತು ಗಾಜಿನ ಒಳಮಗ್ಗುಲಿಗಿತ್ತು. ತಿರುಪು ಬಿಚ್ಚಿ ಗಾಜು ತೆಗೆದರೆ, ಒಳಗಿನಿಂದ ಅದು ಹಸಿಯಾಗಿತ್ತು... ಲೋಳೆಯಾಗಿತ್ತು. ಬೆರಳಿಗೆ ಅಂಟಿ ನೂಲಿನಂತೆ ಎದ್ದಿತು.

ಬುಧವಾರ ಸಂಜೆ ಭಾಗ್ಯಜ್ಯೋತಿ ಬಂದಳು. ಅವಳೂ ಹೊಸ್ತಿಲ ಹೊರಗೇ ನಿಂತಳು.

"ಪಟ್ಟಿ ಬಂತೇನ್ರಿ, ಅಣ್ಣಾರ?"

"ಇನ್ನೂ ಇಲ್ಲವ್ವಾ."

"ಪ್ಲಾಟು ಬಂದ್ರ ಒಂದು ತಗಡಿನ ಶೆಡ್ಡು ಹಾಕ್ಕೊಂಡು ಕಾಲೇಜು ಮುಗಸ್ತೇನ್ರಿ. ಇಲ್ಲಂದ್ರ ಖಂಡೆಪ್ಪಣ್ಣ ಅವರ ಮನಿಗೆ ಬಾ ಅಂದಾನ. ಎಮ್ಮಿ ಹಿಂಡಾಕ ಆಳು ಬೇಕಾಗೈತಂತ."

ಸಂಜೀವ ತಲೆ ಎತ್ತಲಿಲ್ಲ. ಪರದೆಯ ಮೂಲೆಯಲ್ಲಿ ಶುಕ್ರವಾರ ಅಂತ ಇತ್ತು. ಅದನ್ನೇ ನೋಡುತ್ತ ಕೂತ.

ಆ ರಾತ್ರಿ ಅವನಿಗೆ ಅಂಗಡಿಯಲ್ಲಿ ಕೂರುವ ಮನಸ್ಸೇ ಇರಲಿಲ್ಲ. ಆದರೆ ಮಂದಿಯ ಏಳು ಫ್ಯಾಕ್ಸು ಕೂಡಿದ್ದವು. ಹನ್ನೊಂದಾಗಲಿ ಅಂತ ಕಾದ. ಹನ್ನೊಂದು ಹದಿನಾಲ್ಕಕ್ಕೆ ಮೊದಲನೆಯದು ಕಳಿಸಲು ಕೈ ಚಾಚಿದ. ಅಷ್ಟರಲ್ಲಿ ಮೋಡೆಮಿನ ಕೆಂಪು ದೀಪಗಳೆಲ್ಲ ತಾವಾಗಿಯೇ ಹೊತ್ತಿಕೊಂಡವು.

ಟಕ್.

ಗುಂಯ್ ಅನ್ನಲಿಲ್ಲ. ನಂಬರು ಒತ್ತಲಿಲ್ಲ. ಡಬ್ಬಿಯ ಸಣ್ಣ ಸ್ಪೀಕರಿನಲ್ಲಿ ಮೊದಲು ಏನೂ ಇಲ್ಲ... ಆಮೇಲೆ ಕಪ್ಪೆಯ ದನಿ. ದೂರದಲ್ಲಿ, ಕೆಳಗೆಲ್ಲೋ, ಗೋಡೆಗೆ ಬಡಿದು ತಿರುಗಿ ಬರುವ ಕಪ್ಪೆಯ ದನಿ. ವಟರ್... ವಟರ್...

ಕಿರ್ರ್... ಕಿರ್ರ್...

ಒದ್ದೆ ಕಲ್ಲಿನ ಮೇಲೆ ಬರಿಗಾಲು. ಚಪ್... ಚಪ್... ಹತ್ತಿರ ಬಂತು. ನಿಂತಿತು.

"ತಮ್ಮಾ..."

ಸಂಜೀವ ಕುರ್ಚಿ ಹಿಂದಕ್ಕೆ ಸರಿಸಿದ.

"ತಮ್ಮಾ... ಇವತ್ತ ಯಾವ ವಾರ?"

ಪರದೆಯ ಮೇಲೆ ಶುಕ್ರವಾರ. ರಾತ್ರಿ ಹನ್ನೊಂದು ಹದಿನೈದು. ಅವಳು ಕೊಡ ಹಿಡಿದು ಹೋದ ಹೊತ್ತು. ಅವನಿಗೆ ಒಂದು ಕ್ಷಣದಲ್ಲಿ ಎಲ್ಲ ತಿಳಿಯಿತು. ಶುಕ್ರವಾರ ಅಂತ ಹೇಳಿದರೆ ಅವಳು ಇನ್ನೂ ಸತ್ತಿಲ್ಲ, ಖಂಡೆಪ್ಪನ ಕಾಗದ ಗಟ್ಟಿಯಾಯಿತು, ಅಂಗಡಿ ಉಳಿಯಿತು. ಅವಳೂ ನಂಬಿಕೊಂಡು ಆ ಕಲ್ಲಿನ ಮೇಲೆ ಇನ್ನೊಮ್ಮೆ ಕಾಲಿಡುತ್ತಾಳೆ. ಇನ್ನೊಮ್ಮೆ ಆ ನೀರು, ಇನ್ನೊಮ್ಮೆ ಎರಡು ರಾತ್ರಿ. ಅವಳು ಎಂದೂ ಅವನ ಮಾತು ಸುಳ್ಳು ಅಂದವಳಲ್ಲ. ಅವನು ಯಾವ ವಾರ ಅನ್ನುತ್ತಿದ್ದನೋ ಅದೇ ವಾರ ಅವಳಿಗೆ.

"ಬುಧವಾರ" ಅಂದ. ಡಬ್ಬಿಯ ಹತ್ತಿರ ಬಾಗಿದ. ಮತ್ತೆ ಅಂದ. "ಬುಧವಾರ, ಯವ್ವಾ..."

ಸ್ಪೀಕರಿನಲ್ಲಿ ನೀರು ತೊಟ್ಟಿಕ್ಕಿತು. ತಟ್... ತಟ್...

"ಮತ್ತ... ನಾ?"

"ನೀ ಹೋಗಿ ಐದ ದಿನ ಆತು."

ಕಪ್ಪೆಯ ದನಿ ನಿಂತಿತು.

"ಹಂಗಾರ... ಆ ಹೆಬ್ಬೆಟ್ಟು ನಾ ಒತ್ತಿದ್ದಲ್ಲ."

"ಅಲ್ಲ, ಯವ್ವಾ."

"ಹೋಗಿ ಹೇಳು."

ಟಕ್. ದೀಪಗಳು ಆರಿದವು. ಸಂಜೀವ ಪರದೆ ನೋಡಿದ. ಬುಧವಾರ. ಸರಿಯಾದ ತಾರೀಖು, ಸರಿಯಾದ ಹೊತ್ತು. ಅವನು ಮುಟ್ಟಿರಲಿಲ್ಲ. ವಾಸನೆಯೂ ಇರಲಿಲ್ಲ.

ಆ ರಾತ್ರಿಯೇ ಕೂತು ಎಲ್ಲವನ್ನೂ ಕೈಯಿಂದ ಬರೆದ. ಕಂಪ್ಯೂಟರಿನಲ್ಲಿ ಟೈಪು ಮಾಡಲಿಲ್ಲ. ಇದ್ದ ಹೆಬ್ಬೆಟ್ಟುಗಳನ್ನೆಲ್ಲ ಅಳಿಸಿ ಹಾಕಿದ. ಗುರುವಾರ ಮೊದಲ ಬಸ್ಸಿಗೆ, ನಿಡಗುಂದಿಯಲ್ಲಿ ಬಸ್ಸು ಬದಲಿಸಿ, ಆ ಕಚೇರಿಗೆ ಹೋದ. ಕಚೇರಿ ಯಾವ ಊರಲ್ಲಿತ್ತು ಅಂತ ಹೇಳುವುದಿಲ್ಲ, ಅಲ್ಲಿಯವರು ಒಳ್ಳೆಯವರು. ಪಟ್ಟಿಯ ಕೆಲಸ ನೋಡುವ ಕ್ಲರ್ಕಿನ ಹೆಸರು ಇಂದುಬಾಯಿ. ಅವರು ಚನ್ನವ್ವನ ಫೈಲು ತೆಗೆದಿಟ್ಟುಕೊಂಡೇ ಅವನ ಕಾಗದ ಓದಿದರು. ಓದಿ ಮುಗಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡರು.

"ಛೀ... ಹೆಣದ ಕೈ ಹಿಡದು ಒತ್ತಿಸಿದ್ನ?"

"ಹೌದ್ರಿ. ನಾ ಕಳಿಸಿದೆ."

"ನಿಮ್ಮ ಸಹಿ ಕೆಳಗ ಹೆಬ್ಬೆಟ್ಟೂ ಒತ್ತರಿ. ನಾಳೆ ಅದು ನನ್ನ ಸಹಿ ಅಲ್ಲ ಅನಬಾರದು."

ಸಂಜೀವ ಎಡಗೈ ಹೆಬ್ಬೆರಳನ್ನು ಮಸಿಗೆ ಒತ್ತಿ, ಕಾಗದಕ್ಕೆ ಒತ್ತಿದ. ಇಂದುಬಾಯಿ ಕಾಗದ ಎಳೆದುಕೊಂಡರು. ನೋಡಿದರು. ಫೈಲಿನಲ್ಲಿ ಆರು ವರ್ಷದ ಹಿಂದೆ, ಊರು ಮುಳುಗುವ ಮುಂಚೆ, ಚನ್ನವ್ವ ಒತ್ತಿದ ಹಳೆಯ ಹೆಬ್ಬೆಟ್ಟು ಇತ್ತು. ಅದರ ಮಗ್ಗುಲಿಗೆ ಇದನ್ನಿಟ್ಟರು. ಮತ್ತೆ ನೋಡಿದರು.

"ಯಾರದರಿ ಇದು?"

"ನಂದರಿ. ನಿಮ್ಮ ಮುಂದ ಒತ್ತಿದ್ನಲ್ರಿ."

"ಕೈ ತೋರಸ್ರಿ."

ತೋರಿಸಿದ. ಅವರು ಅವನ ಹೆಬ್ಬೆರಳಿನ ಮಸಿಯನ್ನು ಚಿಂದಿಯಿಂದ ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ ನೋಡಿದರು. ಆಮೇಲೆ ಕೈ ಬಿಟ್ಟರು. ಖಂಡೆಪ್ಪನ ಫ್ಯಾಕ್ಸ್ ಹಾಳೆಯ ಮೇಲೆ ಅಡ್ಡ ಗೆರೆ ಎಳೆದು, ಕುರ್ಚಿಯಿಂದ ಎದ್ದು ಕೈ ತೊಳೆಯಲು ಹೋದರು.

ಪಟ್ಟಿ ಮರುವಾರ ಬಂತು. ಚನ್ನವ್ವನ ವಾರಸುದಾರಳು ಭಾಗ್ಯಜ್ಯೋತಿ. ಅವಳು ಮೊದಲು ತಗಡಿನ ಶೆಡ್ಡು ಹಾಕಿದಳು, ಆಮೇಲೆ ಮನೆ ಕಟ್ಟಿದಳು. ಈಗ ಅಲ್ಲೇ ಸಾಲಿಯಲ್ಲಿ ಟೀಚರು. ಖಂಡೆಪ್ಪ ಹೇಳಿದ ಹಾಗೆಯೇ ಅಂಗಡಿಗೆ ಕೀಲಿ ಜಡಿದ. ಅವನಿಗೆ ಏನೂ ಆಗಲಿಲ್ಲ. ಕೈಕಾಲು ಸೆಳೆಯಲಿಲ್ಲ, ಹುಚ್ಚು ಹಿಡಿಯಲಿಲ್ಲ. ಇವತ್ತಿಗೂ ಗುಟಕಾ ಉಗುಳುತ್ತ ತಿರುಗುತ್ತಾನೆ. ದೆವ್ವಕ್ಕೂ ಅವನನ್ನು ಮುಟ್ಟಲು ಅಸಹ್ಯವಾಗಿರಬೇಕು.

ಸಂಜೀವ ಈಗ ಸಿಂದಗಿಯಲ್ಲಿದ್ದಾನೆ. ಬಸ್‌ಸ್ಟ್ಯಾಂಡಿನ ಎದುರಿಗೆ ಸಣ್ಣ ಝೆರಾಕ್ಸ್ ಅಂಗಡಿ. ಎಲ್ಲಿ ಹೋದರೂ ಸಹಿ ಮಾಡುತ್ತಾನೆ, ಹೆಬ್ಬೆಟ್ಟು ಒತ್ತಿ ಅಂದರೆ ಮಾತ್ರ ಎದ್ದು ಬರುತ್ತಾನೆ. ಹೋದ ದೀಪಾವಳಿಗೆ ನಾನೇ ಜುಲುಮೆ ಮಾಡಿ ಒಂದು ಹಾಳೆಯ ಮೇಲೆ ಒತ್ತಿಸಿದೆ. ಕಟ್ಟುಕತೆಯಾದರೆ ಈಗ ಗೊತ್ತಾಗುತ್ತದೆ ಅಂತ.

ನಡುವೆ ಓರೆಯಾಗಿ ಬಿಳಿ ಗೆರೆ. ಕುಡಗೋಲಿನದು.

ಅವನ ಹೆಬ್ಬೆರಳನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿದ್ದೇನೆ, ನನ್ನ ಎರಡೂ ಕಣ್ಣಿನಿಂದ. ಗಾಯದ ಗುರುತಿಲ್ಲ. ಅವನು ಹುಟ್ಟಿದಂದಿನಿಂದ ಕುಡಗೋಲು ಹಿಡಿದವನೇ ಅಲ್ಲ. ಆ ಹಾಳೆಯನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಮುಂಜಾನೆ ತೆಗೆದು ನೋಡಿದರೆ ಮಸಿ ಇನ್ನೂ ಹಸಿಯಾಗಿಯೇ ಇತ್ತು.